ಹಾಳೆ ಸಾಲದೆ ಬಿಟ್ಟ ಸಾಲು

ಸಿಂಗಾಪುರದ ಹೊರಗೆ, ಲಂಗರಿನಲ್ಲಿ
3 ನವೆಂಬರ್ 2024

ಅಕ್ಕಾ,

ನೀನು ಹಟ ಹಿಡಿದಂತೆ ಕಾಗದದ ಮೇಲೆಯೇ ಬರೆಯುತ್ತಿದ್ದೇನೆ. ಹಾಳೆಯ ಮುಂದು-ಹಿಂದು ಎರಡು ಫೋಟೋ ತೆಗೆದು ವಾಟ್ಸಾಪಿಗೆ ಹಾಕಿಟ್ಟರೆ, ದಂಡೆ ಹತ್ತಿರ ಬಂದು ಸಿಗ್ನಲ್ ಸಿಕ್ಕಾಗ ತಾನೇ ಹೋಗುತ್ತದೆ. ನಡುಗಡಲಿನಲ್ಲಿ ನಮ್ಮಂಥ ಕೆಳಗಿನವರಿಗೆ ಇಂಟರ್ನೆಟ್ ಇಲ್ಲ. ಮೂರನೆಯ ಫೋಟೋ ಸೇರಿಸಿದರೆ ಯಾವುದೂ ಹೋಗುವುದಿಲ್ಲ, ಎರಡು ಸಲ ನೋಡಿದೆ. ಆದ್ದರಿಂದ ನೀನೂ ಒಂದೇ ಹಾಳೆಯಲ್ಲಿ ಮುಗಿಸು. ಅವ್ವನಿಗೆ ಓದಿ ಹೇಳುವಾಗ ಇಲ್ಲಿಂದ ಕೆಳಗಿನದನ್ನು ಬಿಟ್ಟುಬಿಡು.

ನಮ್ಮ ಹಡಗಿಗೆ ಇಪ್ಪತ್ತಾರು ವರ್ಷ, ನನಗಿಂತ ಎರಡು ವರ್ಷ ದೊಡ್ಡದು. ಹೆಸರು ಗ್ರೇಸ್ ಮೆರಿಡಿಯನ್. ಮಸಗುಪ್ಪಿಯ ಅಗಸಿ ಬಾಗಿಲಿನಿಂದ ನಮ್ಮ ಓಣಿಯವರೆಗೆ ಆಗುವಷ್ಟು ಉದ್ದ. ಹೊಸ ಬಣ್ಣ ಬಳಿದ ಕಡೆ ಹೆಬ್ಬೆರಳು ಒತ್ತಿದರೆ ತುಕ್ಕು ಹಪ್ಪಳದಂತೆ ಮುರಿಯುತ್ತದೆ.

ಮೊನ್ನೆ ಬೆಳಗ್ಗೆ ಮುಂಭಾಗದಲ್ಲಿ ಕಾವಲು ನಿಂತಿದ್ದೆ. ಮಳೆಯ ಪರದೆ. ಅದರೊಳಗಿಂದ ಇನ್ನೊಂದು ಹಡಗಿನ ಮೂತಿ ಬಂತು. ಶಬ್ದವಿಲ್ಲ, ಗೋಡೆ ನಡೆದು ಬಂದಂತೆ. ನಮ್ಮದು ಕೂಗು ಹಾಕಿತು, ಒಮ್ಮೆಲೇ ಪಕ್ಕಕ್ಕೆ ತಿರುಗಿತು, ನಾನು ಕಬ್ಬಿಣದ ಮೇಲೆ ಬಿದ್ದೆ. ಎದ್ದು ನೋಡಿದಾಗ ಅದು ಪಕ್ಕದಲ್ಲೇ ಹಾದುಹೋಗುತ್ತಿತ್ತು. ಅದರ ಕಟಕಟೆಯಲ್ಲಿ ಒಬ್ಬ ಚಹಾದ ಕಪ್ಪು ಹಿಡಿದು ನಿಂತಿದ್ದ. ಕಪ್ಪು ಬಾಯಿಗೆ ಮುಟ್ಟಿರಲಿಲ್ಲ. ಅವನ ಕಣ್ಣಿನ ಬಿಳಿ ನನಗೆ ಕಂಡಿತು.

ನಮ್ಮ ಖಲಾಸಿಗಳ ಮುಖ್ಯಸ್ಥರು ದಾವೂದ್ ಕಾಕಾ, ರತ್ನಾಗಿರಿಯವರು. ಮೂವತ್ತೊಂದು ವರ್ಷ ಕಡಲಿನಲ್ಲಿ. ಸಂಕೇಶ್ವರದ ಸಂತೆಯಲ್ಲಿ ಕಲಿತ ನನ್ನ ಮರಾಠಿ ಕೇಳಿ ನಗುತ್ತಾರೆ, ಆದರೆ ಹತ್ತಿರ ಕೂರಿಸಿಕೊಳ್ಳುತ್ತಾರೆ. ಅವರು ಹೇಳಿದ್ದನ್ನು ನಮ್ಮ ಮಾತಿನಲ್ಲಿ ಬರೆಯುತ್ತೇನೆ: "ಪೋರಾ, ಹಡಗ ಸಾಯೂದು ಮೂರ ನಮೂನಿ. ಡಿಕ್ಕಿ ಕಣ್ಣಿಗೆ ಕಾಣತೈತಿ. ತಳ ಕಲ್ಲಿಗೆ ಹತ್ತಿದ್ದು ಕಿವಿಗೆ ಕೇಳತೈತಿ. ಬೆಂಕಿ ಮಾತ್ರ ಹಂಗಲ್ಲ. ಅದು ಒಳಗ ಕುಂತು ನಮ್ಮ ಜೋಡಿ ಉಣ್ಣತೈತಿ."

ಅಂದಿನಿಂದ ಊಟ ಸೇರುತ್ತಿಲ್ಲ.

ನಿನ್ನ ತಮ್ಮ,
ಶುಭಮ್


ಗೋಕಾಕ
11 ನವೆಂಬರ್ 2024

ಶುಭಮ್, ಜೈ ಭೀಮ್.

ಅವ್ವನಿಗೆ ಎಲ್ಲವನ್ನೂ ಓದಿದೆ. ಬಿಟ್ಟು ಓದುವುದು ನನ್ನಿಂದ ಆಗದ ಕೆಲಸ. ಅರ್ಧ ಸತ್ಯ ಹೇಳುವವನು ಪೂರ್ತಿ ಸುಳ್ಳನ ತಮ್ಮ. ಅವ್ವ ಕೇಳಿದ್ದು ಒಂದೇ ಮಾತು: "ಆ ಚಾ ಕುಡಿಯಾವ ಉಳದನೇನ?" ಉಳಿದ ಎಂದೆ. "ಹಂಗಾರ ನಮ್ಮಾವನೂ ಉಳದ" ಎಂದು ರೊಟ್ಟಿ ಬಡಿಯಲು ಕುಳಿತಳು.

ನೀನು ಹೆದರಿದ್ದೀಯ. ಹೆದರಿಕೆ ಎಂದರೆ ಮಾಲೀಕನ ಪುಕ್ಕಟೆ ಕಾವಲುಗಾರ, ಪಗಾರ ಕೇಳುವುದಿಲ್ಲ. ಯೋಚಿಸು, ನಿಮ್ಮ ಹಡಗಿನ ಒಡೆಯ ಒಂದು ದೇಶದವನು, ಬಾವುಟ ಇನ್ನೊಂದು ದೇಶದ್ದು, ದುಡಿಯುವವರು ನಾಲ್ಕು ದೇಶದವರು. ನಾಳೆ ಅದು ಮುಳುಗಿದರೆ ಯಾರ ಬಾಗಿಲು ಬಡಿಯಬೇಕು? ಬಾಗಿಲೇ ಇಲ್ಲದಂತೆ ಕಟ್ಟಿದ ಮನೆ ಅದು. ಇದನ್ನೆಲ್ಲ ಒಂದು ಕರಪತ್ರದಲ್ಲಿ ಓದಿದೆ. ಪರಪ್ಪಣ್ಣನ ಪ್ರೆಸ್ಸಿನಲ್ಲಿ ಅಚ್ಚಾಗುವ ಕರಪತ್ರಗಳ ಒಂದೊಂದು ಪ್ರತಿ ಮನೆಗೆ ತರುತ್ತೇನೆ, ನಿನ್ನ ತಗಡಿನ ಪೆಟ್ಟಿಗೆ ತುಂಬಿದೆ.

ಪರಪ್ಪಣ್ಣ ದಿನವೂ ಬೈಯುತ್ತಾರೆ. "ಸುಮನಾ, ಮೊದಲ ಪ್ರೂಫ್ ನೋಡ. ಕ್ರಾಂತಿ ನಾಳೆ ಮಾಡೂಣಂತ, ಇವತ್ತ ಲಗ್ನಪತ್ರಿಕೆ ಕೊಡೂದೈತಿ." ಆದರೆ ಕೆಲಸ ಕಲಿಸಿದವರು ಅವರೇ. ಮ್ಯಾಟರ್ ಹಾಳೆಯಲ್ಲಿ ಹಿಡಿಯದಿದ್ದರೆ ತಲೆಬರಹಕ್ಕೆ ಕೈ ಹಚ್ಚಬಾರದು, ಕೊನೆಯ ಸಾಲು ತೆಗೆಯಬೇಕು. "ಮಂದಿ ತಲಿ ನೋಡ್ತಾರವಾ, ಬಾಲ ಯಾರೂ ನೋಡೂದಿಲ್ಲ." ಹಾಗಾಗಿ ನಿನ್ನ ಒಂದೇ ಹಾಳೆಯ ಕಾನೂನು ನನಗೆ ಕಷ್ಟವಲ್ಲ.

ಅಲ್ಲಿ ನಡೆಯುವ ಪ್ರತಿಯೊಂದನ್ನೂ ತಾರೀಖು ಹಾಕಿ ಬರೆದಿಡು. ಊಟ ಬಿಡಬೇಡ.

ನಿನ್ನ ಅಕ್ಕ,
ಸುಮನ


ಬೋರ್ನಿಯೋ, ನದಿಯ ಬಾಯಿ
30 ನವೆಂಬರ್ 2024

ಅಕ್ಕಾ,

ಇಲ್ಲಿ ಬಂದರಿಲ್ಲ. ಕೆಸರು ಬಣ್ಣದ ನೀರಿನಲ್ಲಿ ಲಂಗರು ಹಾಕಿದ್ದೇವೆ. ಕಾಡಿನೊಳಗಿಂದ ಚಪ್ಪಟೆ ದೋಣಿಗಳು ಗುಡ್ಡದಂತೆ ಕಲ್ಲಿದ್ದಲು ಹೊತ್ತು ಬರುತ್ತವೆ, ಕ್ರೇನು ಅದನ್ನು ಎತ್ತಿ ನಮ್ಮ ಹಡಗಿನ ಹೊಟ್ಟೆಗೆ ಸುರಿಯುತ್ತದೆ. ಹೊಟ್ಟೆಯಲ್ಲಿ ಐದು ಉಗ್ರಾಣಗಳಿವೆ, ಇವರು ಹೋಲ್ಡ್ ಎನ್ನುತ್ತಾರೆ. ಒಂದೊಂದರಲ್ಲಿ ನಮ್ಮ ಓಣಿಯ ಮನೆಗಳೆಲ್ಲ ಮುಳುಗುತ್ತವೆ. ಮೂರನೆಯದು ಮೊದಲು ತುಂಬಿತು. ಅದು ತುಂಬಿದ ನಾಲ್ಕು ದಿನವೂ ಮಳೆ. ಮಳೆ ಬಂದಾಗ ಮುಚ್ಚಬೇಕು, ಆದರೆ ಮುಚ್ಚುತ್ತ ಕುಳಿತರೆ ದಿನ ಹೋಗುತ್ತವೆಂದು ಅರ್ಧ ತೆರೆದೇ ಸುರಿದರು. ಕಪ್ಪು ನೀರು ಸೋರುವ ಕಲ್ಲಿದ್ದಲು.

ಬರುವ ದಾರಿಯಲ್ಲಿ ಹವಳದ ದಿಬ್ಬಕ್ಕೆ ಹತ್ತಿ ಕುಳಿತ ಒಂದು ಹಡಗು ಕಂಡೆವು. ಎಂಟು ವರ್ಷದಿಂದ ಹಾಗೇ ಇದೆಯಂತೆ. ಬೆನ್ನು ಮುರಿದು ಎರಡಾಗಿದೆ. ಮಧ್ಯದಲ್ಲಿ ಅಲೆ ಹೊಕ್ಕು ಹೊರಗೆ ಬರುತ್ತದೆ, ಉಸಿರಾಡಿದಂತೆ. ಹಿಂಭಾಗದಲ್ಲಿ ಒಣಹಾಕಿದ ಒಂದು ಅಂಗಿ ಇನ್ನೂ ತಂತಿಯ ಮೇಲಿತ್ತು. ಅಥವಾ ಅದು ಹಕ್ಕಿಯಾಗಿರಬಹುದು. ನಾನು ಅಂಗಿ ಎಂದುಕೊಂಡೆ. ಕಾಕಾ ಟೋಪಿ ತೆಗೆದು ನಿಂತರು.

ಸುರಿದ ಕಲ್ಲಿದ್ದಲನ್ನು ಕೈಯಲ್ಲಿ ಹಿಡಿದು ಹಿಂಡಿದರು ಕಾಕಾ. ನೀರು ಬಂತು. ಏನೂ ಅನ್ನಲಿಲ್ಲ. ಅವರು ಏನೂ ಅನ್ನದಿದ್ದರೆ ನನಗೆ ಹೆಚ್ಚು ಹೆದರಿಕೆ.

ಒಂದು ವಾರದಲ್ಲಿ ಗುಜರಾತಿನ ಕಡೆ ಹೊರಡುತ್ತೇವೆ.

ನಿನ್ನ ತಮ್ಮ,
ಶುಭಮ್


ಮಸಗುಪ್ಪಿ
5 ಡಿಸೆಂಬರ್ 2024

ಶುಭಮ್, ಜೈ ಭೀಮ್.

ನಿನ್ನ ಪತ್ರ ಓದುತ್ತಿದ್ದಾಗ ಅವ್ವ ನಡುವೆಯೇ ತಡೆದಳು. "ತೊಯ್ದ ಮಾಲ ಮ್ಯಾಲಿಂದ ಮ್ಯಾಲ ಒಟ್ಟಿದರೇನ?" ಹೌದು ಎಂದೆ. "ಬಣವಿಗತೆ?" ಹೌದು ಎಂದೆ. ಆಮೇಲೆ ಎದ್ದುಹೋಗಿ ಒಲೆ ಮುಂದೆ ಕುಳಿತಳು. ಒಲೆಯಲ್ಲಿ ಬೆಂಕಿ ಇರಲಿಲ್ಲ.

ಕೆಂಚಪ್ಪ ಗೌಡರ ಬಣವಿ ನಿನಗೆ ನೆನಪಿದೆಯೇ? ನೀನು ಆರನೆಯ ಈಯತ್ತೆ. ಜೋಳದ ಹಸಿ ಕಣಿಕೆ ಅವಸರದಲ್ಲಿ ಒಟ್ಟಿಸಿದ್ದರು. ಕೂಲಿಗೆ ಹೋದ ಅವ್ವ ಹತ್ತಿರ ನಿಂತು ಮೂಗು ಏರಿಸಿ, "ಗೌಡ್ರ, ಇದರ ಹೊಟ್ಟಿ ಕಾದೈತ್ರಿ" ಅಂದಳು. ಗೌಡರು ನಕ್ಕರು: "ಬಂದಳಪಾ ನಮ್ಮ ಬಣವಿ ಡಾಕ್ಟರ್ರು! ಸೂಜಿ ಮಾಡ್ತಿಯೇನು ಕಾಡವ್ವಾ?" ಅವ್ವ ಹಾರೆಯನ್ನು ಬಣವಿಯೊಳಗೆ ಚುಚ್ಚಿದಳು, ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಬಿಟ್ಟು ಎಳೆದು, ಗೌಡರ ಕೈಗೇ ಕೊಟ್ಟಳು. ಅವರು ಹೋ ಎಂದು ಕೈ ಬಿಟ್ಟರು. ಅಂದೇ ಬಿಚ್ಚಿ ಹರವಿದ್ದಕ್ಕೆ ಉಳಿಯಿತು. ಒಡೆಯನಿಗೆ ಕಾಣದ ಬೆಂಕಿ ದುಡಿಯುವವಳಿಗೆ ಕಾಣುತ್ತದೆ. ಇದು ಯಾವ ಕರಪತ್ರದಲ್ಲೂ ಇಲ್ಲ, ನಾನೇ ಬರೆಯಬೇಕು.

ನೀವೂ ಅಲ್ಲಿ ಕೈಯಿಟ್ಟು ನೋಡಿ. ಬಾಯಿ ಮುಚ್ಚಿಕೊಂಡು ಇರುವ ನಿನ್ನ ಕಾಕಾನ ಜಾಣತನ ನನಗೆ ಹಿಡಿಸಲಿಲ್ಲ.

ನಿನ್ನ ಅಕ್ಕ,
ಸುಮನ


ಸಿಂಗಾಪುರದ ಜಲಸಂಧಿ
13 ಡಿಸೆಂಬರ್ 2024

ಅಕ್ಕಾ,

ಇದನ್ನು ಅವ್ವನಿಗೆ ಓದಲೇಬೇಕು. ಕೇಳಬೇಕಾಗಿರುವುದು ಅವಳನ್ನೇ.

ಪ್ರತಿ ಹೋಲ್ಡಿನೊಳಗೆ ಇಳಿಯುವ ಒಂದು ಸಣ್ಣ ಕೊಳವೆ ಇದೆ. ದಿನವೂ ಅದರಲ್ಲಿ ದಾರ ಕಟ್ಟಿದ ಥರ್ಮಾಮೀಟರ್ ಇಳಿಸಿ ಕಾವು ನೋಡುವುದು ನನ್ನ ಕೆಲಸ. ಮೂರನೆಯದು ಮೊದಲ ದಿನ 38. ಆಮೇಲೆ 44. ಆಮೇಲೆ 49. ಇಂದು ಬೆಳಗ್ಗೆ 57. ನಾನೇ ಎಳೆದೆ, ನಾನೇ ಓದಿದೆ. ಚೀಫ್ ಆಫೀಸರ್ ನನ್ನ ಎದುರಿಗೇ ಪುಸ್ತಕದಲ್ಲಿ 41 ಎಂದು ಬರೆದರು. "ನೀನು ಸರಿಯಾಗಿ ನೋಡಿಲ್ಲ" ಎಂದರು. ಹೆಚ್ಚಿನ ಅಂಕಿ ಕಂಡರೆ ಬಂದರಿನವರು ಒಳಗೆ ಬಿಡುವುದಿಲ್ಲವಂತೆ.

ಆಮೇಲೆ ಅಪ್ಪಣೆ ಬಂತು: ಮೂರನೆಯ ಹೋಲ್ಡಿನ ಎರಡೂ ಬದಿಯ ಗಾಳಿಕಿಂಡಿಗಳನ್ನು ಮುಚ್ಚಿ ನಟ್ಟು ಬಿಗಿಯಿರಿ, ಮುಚ್ಚಳದ ಸಂದುಗಳಿಗೆ ಟೇಪು ಸುತ್ತಿರಿ. ಮಧ್ಯಾಹ್ನದವರೆಗೆ ಅದನ್ನೇ ಮಾಡಿದೆವು. ಕೆಳಗಿನ ಕಬ್ಬಿಣದ ಮೇಲೆ ಅಂಗೈ ಇಟ್ಟೆ. ಇಡಲಾಗಲಿಲ್ಲ. ಒಂದು ಮೂಲೆಯಲ್ಲಿ ನೂಲಿನಷ್ಟು ಹೊಗೆ ಬರುತ್ತಿದೆ. ಸ್ಟೋವ್ ಆರಿಸಿದಾಗಿನ ವಾಸನೆ.

ಕಾಕಾ ಹೇಳುತ್ತಾರೆ, "ಮುಚ್ಚಿಡೂದ ಖರೆ ಪೋರಾ. ಹಡಗಿನ ಬೆಂಕಿಗೆ ಗಾಳಿ ತೋರಸಬಾರದು." ಆದರೆ ಆ 41ರ ವಿಷಯ ಎತ್ತಿದರೆ ಅವರೂ ಸಮುದ್ರ ನೋಡುತ್ತಾರೆ. ಸುಳ್ಳು ಬರೆದವರೇ ಮುಚ್ಚಿಸುತ್ತಿದ್ದಾರೆ. ಬೆಂಕಿಗಾಗಿ ಮುಚ್ಚಿದ್ದೋ, ನಮ್ಮ ಕಣ್ಣಿಗಾಗಿ ಮುಚ್ಚಿದ್ದೋ? ನನಗೆ ತಿಳಿಯುತ್ತಿಲ್ಲ. ನೀರಿಗೆ ಹಾರುವ ಜಾಕೀಟನ್ನು ತಲೆಗೆ ಇಟ್ಟುಕೊಂಡು ಮಲಗುತ್ತೇನೆ.

ಒಳಗೆ ಕಾದ ಬಣವಿಗೆ ಅವ್ವ ಏನೇನು ಮಾಡುತ್ತಿದ್ದಳು? ಪೂರ್ತಿ ಕೇಳಿ ಬರೆ. ಇನ್ನು ಆರು ದಿನಕ್ಕೆ ಶ್ರೀಲಂಕಾದ ಕೆಳಗೆ ಹಾಯುತ್ತೇವೆ. ಕಾಕಾನ ಹತ್ತಿರ ಅಲ್ಲಿಯ ಸಿಮ್ ಇದೆ, ಎಲ್ಲರಿಗೂ ಹಾಟ್‌ಸ್ಪಾಟ್ ಕೊಡುತ್ತಾರೆ. ಅರ್ಧ ತಾಸು ಸಿಗ್ನಲ್ ಸಿಕ್ಕರೂ ಸಾಕು.

ಶುಭಮ್


ಮಸಗುಪ್ಪಿ
14 ಡಿಸೆಂಬರ್ 2024

ತಮ್ಮಾ,

ಪತ್ರ ಬಂದ ಕೂಡಲೇ ಹೊಲಕ್ಕೆ ಓಡಿದೆ. ಅವ್ವ ಕಬ್ಬಿನ ರವದಿ, ಒಣಗಿದ ಗರಿ, ಸುಲಿಯುತ್ತಿದ್ದಳು. ಬದುವಿನ ಮೇಲೆ ಕುಳಿತು ಕೇಳಿದಳು. ಅವಳ ಮಾತನ್ನೇ ಬರೆಯುತ್ತೇನೆ:

"ಹಾರಿ ಮುಟ್ಟಿ ಕೈ ತಡೀಲಿಲ್ಲಂದ್ರ ತಡಾ ಮಾಡಬಾರದು ಅನ್ನವನಿಗೆ. ಎರಡೂ ಮಗ್ಗಲ ಬಿಚ್ಚಬೇಕು. ಗಾಳಿ ಆಡಬೇಕು. ಕಾವಿಗೆ ಹೊರಗ ಹೋಗಾಕ ಹಾದಿ ಬೇಕು, ಹಾದಿ ಸಿಗಲಿಲ್ಲಂದ್ರ ಅದು ಉರಿಯಾಗತೈತಿ."

ಇನ್ನೂ ಏನೋ ಹೇಳಿದಳು, ಅದು ಹೊಲದ ಮಾತು. ಹಾಳೆ ತುಂಬುತ್ತಿದೆ, ಬಿಟ್ಟಿದ್ದೇನೆ. ಮುಖ್ಯವಾದದ್ದು ಇಷ್ಟೇ.

ಈಗ ನನ್ನ ಮಾತು ಕೇಳು. 57ನ್ನು 41 ಎಂದು ಬರೆದ ಕೈಯೇ ಆ ಕಿಂಡಿಗಳನ್ನು ಮುಚ್ಚಿಸಿದೆ. ಒಂದು ಸುಳ್ಳಾದರೆ ಇನ್ನೊಂದು ಹೇಗೆ ನಿಜವಾಗುತ್ತದೆ? ಅವರಿಗೆ ಬೇಕಾದದ್ದು ಬಂದರು ಮುಟ್ಟುವುದು. ನೀವು ಮುಟ್ಟದಿದ್ದರೂ ನಡೆಯುತ್ತದೆ. ನಿನ್ನ ದಾವೂದ್ ಕಾಕಾ ಒಳ್ಳೆಯವರಿರಬಹುದು. ಮೂವತ್ತೊಂದು ವರ್ಷ ಹೂಂ ಎನ್ನುತ್ತ ಬಂದವರ ಕುತ್ತಿಗೆ ಅಡ್ಡ ಆಡುವುದನ್ನೇ ಮರೆತಿರುತ್ತದೆ. ಅವರನ್ನು ಕೇಳಬೇಡ. ನಂಬುವ ನಾಲ್ಕು ಜನರನ್ನು ಕೂಡಿಸು. ಜೀವ ಉಳಿಸಿಕೊಳ್ಳುವ ಹಕ್ಕಿಗೆ ಯಾವ ಸಾಹೇಬನ ಸಹಿಯೂ ಬೇಕಿಲ್ಲ. ನಮ್ಮ ಅಜ್ಜ ಕೆರೆಯ ನೀರು ಮುಟ್ಟಿದಾಗ ಅಪ್ಪಣೆ ಕೇಳಿರಲಿಲ್ಲ.

ಕೊನೆಯ ಸಾಲನ್ನು ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಸಿಗ್ನಲ್ ಎಷ್ಟೇ ಕೆಟ್ಟಿದ್ದರೂ ಇದೊಂದು ಕಾಣಲಿ.

ಬಿಚ್ಚು. ಯಾರನ್ನೂ ಕೇಳಬೇಡ. ಬಿಚ್ಚು.

ನಿನ್ನ ಅಕ್ಕ,
ಸುಮನ


ಸಂಕೇಶ್ವರ, ಬಸ್ ನಿಲ್ದಾಣ
22 ಡಿಸೆಂಬರ್ 2024

ಶುಭಮ್,

ಇದನ್ನು ಮೊದಲು ಓದು: ಬಿಚ್ಚಬೇಡ. ಬಿಚ್ಚಿದ್ದರೆ ಈಗಲೇ ಮುಚ್ಚು. ದಾವೂದ್ ಕಾಕಾ ಹೇಳಿದಂತೆ ಮಾಡು.

ಹತ್ತೊಂಬತ್ತನೆಯ ತಾರೀಖು ಸಂಜೆ ಐದು ಗಂಟೆ ಹನ್ನೆರಡು ನಿಮಿಷಕ್ಕೆ ವಾಟ್ಸಾಪಿನಲ್ಲಿ ನನ್ನ ಪತ್ರದ ಕೆಳಗಿನ ಎರಡು ಗೆರೆ ನೀಲಿಯಾದವು. ನೀನು ಓದಿದೆ ಎಂದು ನಾನು ಪ್ರೆಸ್ಸಿನಲ್ಲಿ ಕುಣಿದೆ. ಪರಪ್ಪಣ್ಣನಿಗೆ ಕರದಂಟು ತಂದುಕೊಟ್ಟೆ. "ಏನವಾ, ಲಗ್ನ ಗಟ್ಟಿ ಆತೇನ?" ಎಂದು ಕೇಳಿದರು.

ಇಂದು ಇಲ್ಲಿ ಅಣ್ಣಾಸಾಹೇಬ ಕಾಕಾ ಎಂಬವರ ಹತ್ತಿರ ಬಂದಿದ್ದೆ. ಇಪ್ಪತ್ತು ವರ್ಷ ಹಡಗಿನ ಇಂಜಿನ್ ಕೋಣೆಯಲ್ಲಿದ್ದವರು, ಈಗ ಹೆದ್ದಾರಿ ಪಕ್ಕದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಾರೆ. ಸುಳ್ಳು ಅಂಕಿಯ ಬಗ್ಗೆ ಯಾರಿಗೆ ದೂರು ಕೊಡಬೇಕೆಂದು ಕೇಳಲು ಹೋಗಿದ್ದೆ.

"41 ಬರದದ್ದು ಹಲ್ಕಟ್ ಕೆಲಸ" ಎಂದರು. "ದೂರ ಬರಿ, ನಾನೂ ಸಹಿ ಮಾಡ್ತೀನಿ. ಆದ್ರ ಮುಚ್ಚಿದ್ದು ಮಾತ್ರ ಸರಿ ಐತಿ."

"ಬಿಚ್ಚಿದ್ರ ಕಾವ ಹೊರಗ ಹೋಗೂದಿಲ್ಲೇನ್ರಿ ಕಾಕಾ?"

ಅವರ ಕೈಯಲ್ಲಿದ್ದ ಪಾನಾ ನಟ್ಟಿನ ಮೇಲೆಯೇ ನಿಂತಿತು. "ಯಾರ ಬಿಚ್ಚಾವ್ರು?"

"ಯಾರೂ ಇಲ್ರಿ. ಸುಮ್ನ ಕೇಳಿದೆ."

"ಬಣವಿ ಹರವಾಕ ಹೊಲ ಐತಿ ತಂಗಿ. ಸಾವಿರಾರು ಟನ್ ಕಲ್ಲಿದ್ದಲ ಸಮುದ್ರದಾಗ ಎಲ್ಲಿ ಹರವ್ತಿ? ಅಲ್ಲಿ ಕಿಂಡಿ ತಗದ್ರ ಕಾವ ಹೊರಗ ಬರೂದಿಲ್ಲ, ಗಾಳಿ ಒಳಗ ಹೋಗತೈತಿ. ಅದರಾಗ ಎರಡೂ ಕಡೆ ತಗದ್ರ ಕುಲುಮಿಗೆ ತಿದಿ ಒತ್ತಿದಂಗ. ಒಂದ ದಿನ ಬ್ಯಾಡ, ಒಂದ ತಾಸು ಸಾಕು."

ಅಲ್ಲಿಂದ ಸೀದಾ ಬಸ್ ನಿಲ್ದಾಣಕ್ಕೆ ಓಡಿ ಬಂದೆ.

ಶುಭಮ್, ಅವ್ವ ಬದುವಿನ ಮೇಲೆ ಹೇಳಿದ್ದರಲ್ಲಿ ನಾನು ಬಿಟ್ಟ ಸಾಲು ಇದು: "ಹೊಗಿ ಕಂಡಿತ್ತಂದ್ರ ಮಾತ್ರ ಬಿಚ್ಚಬ್ಯಾಡ ಅನ್ನು. ಹಸಿ ಮಣ್ಣ ಮೆತ್ತಿ, ಉಸಿರ ಕಟ್ಟಿ, ಕಾಯಬೇಕು." ಪೂರ್ತಿ ಕೇಳಿ ಬರೆ ಎಂದು ನೀನು ಹೇಳಿದ್ದೆ. ನೂಲಿನಷ್ಟು ಹೊಗೆ ಎಂದು ಬರೆದೂ ಇದ್ದೆ. ಹಡಗಿನಲ್ಲಿ ಮಣ್ಣೆಲ್ಲಿಯದು ಎಂದು ನಾನು ಆ ಸಾಲು ತೆಗೆದೆ.

ಆ ಪತ್ರವನ್ನು ಅಳಿಸಲು ನೋಡಿದೆ. ದಿನ ಕಳೆದಿವೆ, ಇನ್ನು ನನ್ನ ಫೋನಿನಲ್ಲಿ ಮಾತ್ರ ಅಳಿಯುತ್ತದಂತೆ.

ಇದನ್ನು ಕಳಿಸಿ ಫೋನು ನೋಡುತ್ತ ಕೂರುತ್ತೇನೆ. ನಿನಗೆ ಮುಟ್ಟುವವರೆಗೆ ಒಂದೇ ಗೆರೆ ಇರುತ್ತದೆ. ಎರಡಾಗಲಿ. ಎರಡಾಗಲಿ.

ಸುಮನ


ಮಸಗುಪ್ಪಿ
26 ಡಿಸೆಂಬರ್ 2024

ತಮ್ಮಾ,

ಒಂದೇ ಗೆರೆ.

ನಿನ್ನೆ, ನಿನ್ನನ್ನು ಹಡಗಿಗೆ ಸೇರಿಸಿದ ಏಜೆಂಟನ ಆಫೀಸಿನಿಂದ ಫೋನು ಬಂತು. ಹಡಗಿಗೆ ಬೆಂಕಿ. ಲಕ್ಷದ್ವೀಪದ ಆಚೆ ಎಲ್ಲೋ. ದಾರಿಯಲ್ಲಿ ಹೋಗುತ್ತಿದ್ದ ಇನ್ನೊಂದು ಸರಕಿನ ಹಡಗು ಇಪ್ಪತ್ತು ಜನರನ್ನು ಎತ್ತಿಕೊಂಡಿದೆ. ಒಟ್ಟು ಇಪ್ಪತ್ತೊಂದು ಜನ. ಆ ಒಬ್ಬ ಯಾರು ಎಂದು ಕೇಳಿದೆ. "ಲಿಸ್ಟ್ ಇನ್ನೂ ಬಂದಿಲ್ಲ ಮೇಡಮ್" ಎಂದ. ಮತ್ತೆ ಹದಿನಾಲ್ಕು ಸಲ ಮಾಡಿದೆ. ಎತ್ತುತ್ತಿಲ್ಲ.

ಅವ್ವ ಅಳಲಿಲ್ಲ. ಬೆಳಗ್ಗೆ ಹಾರೆ ತೆಗೆದುಕೊಂಡು ಹೊರಟಳು. ಹಿಂದೆಯೇ ಹೋದೆ. ಕೆಂಚಪ್ಪ ಗೌಡರ ಹೊಸ ಬಣವಿಗೆ ಹಾರೆ ಚುಚ್ಚಿ, ಎಳೆದು, ಕೆನ್ನೆಗೆ ಒತ್ತಿಕೊಂಡಳು. "ತಣ್ಣಗೈತಿ" ಎಂದು ನನಗೆ ಹೇಳಿದಳು. ಗೌಡರು ಅಂಗಳದಲ್ಲಿ ನಿಂತು ನೋಡಿದರು. ಈ ಸಲ ನಗಲಿಲ್ಲ.

ಬಿಟ್ಟ ಸಾಲಿನ ವಿಷಯ ಅವಳಿಗೆ ಹೇಳಿಲ್ಲ.

ಇದು ನಿನಗೆ ಮುಟ್ಟುವುದಿಲ್ಲವೆಂದು ಗೊತ್ತು. ಆದರೂ ಕಳಿಸುತ್ತಿದ್ದೇನೆ.

ಸುಮನ


ಕೊಚ್ಚಿ, ಆಸ್ಪತ್ರೆ
11 ಜನವರಿ 2025

ಅಕ್ಕಾ,

ದಂಡೆಗೆ ತಂದ ದಿನ ನಿನಗೆ ಫೋನು ಮಾಡಲು ಎರಡೇ ನಿಮಿಷ ಕೊಟ್ಟರು. ನಿನ್ನ ಅಳುವಿನಲ್ಲಿ ನನಗೆ ಏನೂ ಹೇಳಲಾಗಲಿಲ್ಲ. ಬಲಗೈಗೆ ಮೊಳಕೈವರೆಗೆ ಕಟ್ಟು ಹಾಕಿದ್ದಾರೆ. ಇದು ಎಡಗೈ ಬರಹ. ಫೋನು ಹಡಗಿನ ಜೊತೆ ಹೋಯಿತು, ಹಾಗಾಗಿ ಅಂಚೆಗೆ ಹಾಕಿಸುತ್ತೇನೆ.

ಬೆಳಗ್ಗೆ ಚಹಾದ ಹೊತ್ತು. ಮೊದಲು ಕಾಲ ಕೆಳಗೆ ಗುಡುಗಿದಂತೆ ಆಯಿತು. ಆಮೇಲೆ ಮೂರನೆಯ ಹೋಲ್ಡಿನ ಮುಚ್ಚಳ, ಆನೆ ತೂಕದ್ದು, ಹಂಚಿನಂತೆ ಎದ್ದಿತು. ಕಿಂಡಿಗಳಿಂದ ಉರಿ ನೆಟ್ಟಗೆ ನಿಂತಿತ್ತು. ನಾನು ಮುಚ್ಚಲು ಓಡಿದೆ, ಕೈ ಅಂಟಿಕೊಂಡಿತು. ಯಾರೋ ಕಾಲರ್ ಹಿಡಿದು ಹಿಂದಕ್ಕೆ ಎಸೆದರು. ದಾವೂದ್ ಕಾಕಾ. ನನ್ನ ಕೈಯಿಂದ ಬಿದ್ದ ಪಾನಾ ಎತ್ತಿಕೊಂಡು ಹೊಗೆಯೊಳಗೆ ಹೋದರು. ಒಂದು ಕಿಂಡಿ ಮುಚ್ಚಿದ ಶಬ್ದ ಕೇಳಿತು. ಎರಡನೆಯದು ಕೇಳಲಿಲ್ಲ.

ದೋಣಿಯಿಂದ ನೋಡಿದೆವು. ಹಡಗು ಸಂಜೆಯವರೆಗೆ ಉರಿಯಿತು, ಕಬ್ಬಿಣ ಕೆಂಪಾಗಿ ಸಮುದ್ರಕ್ಕೆ ತಾಗಿದ ಕಡೆ ನೀರು ಕುದಿಯಿತು. ಮರುದಿನ ಅದು ಅಲ್ಲಿ ಇರಲಿಲ್ಲ.

ವಿಚಾರಣೆಯ ಸಾಹೇಬರು ಬಂದಿದ್ದರು. ಬಿಗಿದಿದ್ದ ಕಿಂಡಿ ಬಿಚ್ಚಿದವರು ಯಾರು ಎಂದು ಕೇಳಿದರು. ಕಾಕಾನ ಕೈಯಲ್ಲಿ ಪಾನಾ ಇತ್ತು, ಎಲ್ಲರೂ ನೋಡಿದ್ದಾರೆ ಎಂದೆ. ಅಷ್ಟೇ ಹೇಳಿದ್ದು. ಅವರು ಅದನ್ನು ಹೇಗೆ ಬರೆದುಕೊಂಡರೋ ಬರೆದುಕೊಂಡರು. ಬಿಚ್ಚುವಾಗ ನನ್ನ ಜೊತೆಗಿದ್ದ ಉಳಿದವರೂ ಹೂಂ ಎಂದರು. ಸತ್ತವರಿಗೆ ಇನ್ನೇನೂ ಆಗುವುದಿಲ್ಲ ಅಕ್ಕಾ.

ಒಂದು ಮಾತು. ನಿನ್ನ ಡಿಸೆಂಬರಿನ ಪತ್ರ ನನಗೆ ಮುಟ್ಟಲಿಲ್ಲ. ಲಂಕೆಯ ಹತ್ತಿರ ನನ್ನ ಫೋನಿಗೆ ಸಿಗ್ನಲ್ಲೇ ಸಿಗಲಿಲ್ಲ. ಯಾರು ಕೇಳಿದರೂ ಹೀಗೇ ಹೇಳು. ನೀನೂ ಹೀಗೇ ತಿಳಿ. ಆ ಹಾಳೆ ಮನೆಯಲ್ಲಿದ್ದರೆ ಒಲೆಗೆ ಹಾಕು.

ಅವ್ವನಿಗೆ ಕೈಯ ವಿಷಯ ಬಿಟ್ಟು ಓದು.

ಶುಭಮ್


ಮಸಗುಪ್ಪಿ
17 ಜನವರಿ 2025

ನನ್ನ ಶುಭಮ್,

ಅಂಚೆಯ ಪತ್ರಕ್ಕೆ ಒಂದೇ ಹಾಳೆಯ ಕಾನೂನು ಇಲ್ಲ. ಇದು ಎಷ್ಟು ಹಾಳೆಯಾಗುತ್ತದೋ ಗೊತ್ತಿಲ್ಲ.

ಆ ಹಾಳೆಯನ್ನು ಒಲೆಗೆ ಹಾಕಿಲ್ಲ. ಅದು ಮುಟ್ಟಲಿಲ್ಲ ಎಂದು ನೀನು ಬರೆದದ್ದನ್ನು ಎರಡು ದಿನ ನಂಬಲು ನೋಡಿದೆ. ಫೋನು ತೆಗೆದರೆ ಆ ಎರಡು ಗೆರೆ ನೀಲಿಯಾಗಿಯೇ ಇವೆ. ನನ್ನನ್ನು ಉಳಿಸಲು ನೀನು ಹೇಳುತ್ತಿರುವ ಸುಳ್ಳು ಅದು. ಇನ್ನೊಂದು ಸುಳ್ಳು ನಮ್ಮಿಬ್ಬರನ್ನೂ ಉಳಿಸಲು. ಅದನ್ನು ಹೊತ್ತಿರುವವರು ದಾವೂದ್ ಕಾಕಾ.

ನಿನ್ನೆ ಅವ್ವನಿಗೆ ಎಲ್ಲ ಹೇಳಿದೆ. ನಿನ್ನ ಕೈ, ಕಾಕಾ, ಕಿಂಡಿ. ಕೊನೆಗೆ ನಾನು ಬಿಟ್ಟ ಸಾಲು. ಅವಳು ನನ್ನ ಬೆರಳುಗಳನ್ನು ನೋಡಿದಳು.

"ನಾ ಹೇಳಿದ್ದು ಪೂರಾ ಬರಿಲಿಲ್ಲೇನ?"

"ಇಲ್ಲಬೇ."

"ಯಾಕ?"

"ಹಾಳಿ ಸಾಲಲಿಲ್ಲ."

ಸುಳ್ಳು. ಹಾಳೆ ಸಾಲುತ್ತಿತ್ತು. 'ಬಿಚ್ಚು' ಎಂದು ದೊಡ್ಡದಾಗಿ ಬರೆದ ಜಾಗದಲ್ಲಿ ಅವಳ ಸಾಲು ಎರಡು ಸಲ ಹಿಡಿಯುತ್ತಿತ್ತು. ಇವತ್ತು ಅಳತೆ ಮಾಡಿ ನೋಡಿದೆ. ಅದನ್ನೂ ಅವಳಿಗೆ ಹೇಳಿದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಆ ಹಿರ್ಯಾನ ಹೇಂತಿ ಎಲ್ಲಿರ್ತಾಳ?" ಎಂದು ಕೇಳಿದಳು. ರತ್ನಾಗಿರಿ ಎಂದೆ. "ಬಸ್ ಎಷ್ಟ ಹೊತ್ತಿಗೆ?"

"ಅವ್ವಾ, ಖರೆ ಹೇಳಿದ್ರ ಶುಭಮ್‌ನ ಹಿಡ್ಕೊಂಡ ಹೋಗಬಹುದು."

"ನಾ ಅದನ್ನ ಕೇಳಲಿಲ್ಲ. ಬಸ್ ಎಷ್ಟ ಹೊತ್ತಿಗೆ ಅಂತ ಕೇಳಿದೆ."

ನನಗೆ ಹೆದರಿಕೆಯಾಗುತ್ತಿದೆ, ತಮ್ಮಾ. ಹೆದರಿಕೆ ಮಾಲೀಕನ ಕಾವಲುಗಾರ ಎಂದು ನಿನಗೆ ಬರೆದವಳು ನಾನೇ. ಈಗ ಮನೆ ಮುಂದೆ ಯಾವುದೇ ಗಾಡಿ ನಿಂತರೂ ಬಾಗಿಲ ಸಂದಿಯಿಂದ ಇಣುಕುತ್ತೇನೆ. ಒಲೆ ಹೊತ್ತಿಸಲು ಕಡ್ಡಿ ಗೀರಲಾಗುವುದಿಲ್ಲ, ಅವ್ವನೇ ಹೊತ್ತಿಸುತ್ತಾಳೆ. ಪೆಟ್ಟಿಗೆಯ ಕರಪತ್ರಗಳನ್ನೆಲ್ಲ ಮತ್ತೆ ಓದಿದೆ. ಅನ್ಯಾಯವನ್ನು ಎದುರಿಸುವುದು ಹೇಗೆಂದು ಎಲ್ಲದರಲ್ಲೂ ಇದೆ. ತಾನೇ ಮಾಡಿದ್ದನ್ನು ಎದುರಿಸುವುದು ಹೇಗೆಂದು ಒಂದರಲ್ಲೂ ಇಲ್ಲ. ನಿನಗೆ ಏನು ಶಿಕ್ಷೆಯಾಗುತ್ತದೆ, ನನಗೆ ಏನಾಗುತ್ತದೆ, ಅಣ್ಣಾಸಾಹೇಬ ಕಾಕಾನಿಗೂ ಗೊತ್ತಿಲ್ಲ. ಹೇಳಿಕೆ ಕೊಡುವ ದಿನ ನಮ್ಮ ಜೊತೆ ನಿಲ್ಲಲು ಬರುತ್ತೇನೆ ಎಂದಿದ್ದಾರೆ. 41ರ ದೂರಿಗೆ ಸಹಿಯನ್ನೂ ಹಾಕಿದ್ದಾರೆ.

ನಿನ್ನನ್ನು ಕೇಳದೆ ನಾನು ಏನನ್ನೂ ಕೊಡುವುದಿಲ್ಲ. ಕೇಳದೆ ಮಾಡು ಎಂದು ಒಂದು ಸಲ ಹೇಳಿದ್ದು ಸಾಕು. ನನ್ನ ಹೇಳಿಕೆ ಬರೆದು ಮಡಚಿ ಇಟ್ಟಿದ್ದೇನೆ: ಬಿಚ್ಚಲು ಹೇಳಿದವಳು ನಾನು, ಮುಚ್ಚಿಡು ಎಂದವರು ದಾವೂದ್ ಕಾಕಾ, ಅವರು ಸತ್ತದ್ದು ಮುಚ್ಚಲು ಹೋಗಿ. ಹದಿನಾಲ್ಕನೆಯ ತಾರೀಖಿನ ಹಾಳೆಯೂ ಅದರ ಜೊತೆಗಿದೆ. ನಿನ್ನದನ್ನು ನೀನೇ ಬರೆಯಬೇಕು. ಸೋಮವಾರ ನಾನು ಮತ್ತು ಅವ್ವ ಘಟಪ್ರಭಾದಲ್ಲಿ ರೈಲು ಹತ್ತುತ್ತೇವೆ. ನಿನ್ನ ಮಂಚದ ಪಕ್ಕ ಕೂರುತ್ತೇವೆ. ನೀನು ಬರೆಯುವವರೆಗೆ ಮಾತಾಡುವುದಿಲ್ಲ, ಒತ್ತಾಯ ಮಾಡುವುದಿಲ್ಲ. ವಿಚಾರಣೆಯವರು ನಿನ್ನನ್ನು ಬಿಟ್ಟರೆ ಮೂವರೂ ರತ್ನಾಗಿರಿಗೆ. ಬಿಡದಿದ್ದರೆ ನಾವಿಬ್ಬರೇ ಹೋಗಿ ಆ ತಾಯಿಯ ಎದುರು ನಿಲ್ಲುತ್ತೇವೆ. ಅವರು ಏನು ಅನ್ನುತ್ತಾರೋ, ಬಾಗಿಲು ತೆರೆಯುತ್ತಾರೋ ಇಲ್ಲವೋ.

ಬಲಗೈ ವಾಸಿಯಾಗುವವರೆಗೆ ಕಾಯಬೇಡ. ಕಾದರೆ ನಮ್ಮಿಬ್ಬರಿಗೂ ಧೈರ್ಯ ಉಳಿಯುವುದಿಲ್ಲ. ಎಡಗೈಯ ಅಕ್ಷರ ದೊಡ್ಡದಾಗುತ್ತದೆ, ಜಾಗ ಹೆಚ್ಚು ಬೇಕಾಗುತ್ತದೆ ಎಂದು ಪರಪ್ಪಣ್ಣನ ಹತ್ತಿರ ಹಾಳೆಯ ಒಂದು ಇಡೀ ಕಟ್ಟು ಕೇಳಿ ತಂದಿದ್ದೇನೆ.

ಎಷ್ಟು ಬೇಕಾದರೂ ತೆಗೆದುಕೋ. ಕೊನೆಯ ಸಾಲು ಮಾತ್ರ ಬಿಡಬೇಡ.

ನಿನ್ನ ಅಕ್ಕ,
ಸುಮನ